ಸಂತೆ ನೋಡಲು ಬಂದವರು ಸಂತೆ ಕಲಿಯಬೇಡವೇ?

2024ರ ಜನವರಿಯಲ್ಲಿ ನಮ್ಮ ನಾಯಕನಹಟ್ಟಿ ಸಂತೆಗೆ ಒಂದು ಬಸ್ಸು ಬಂತು. ಬೆಂಗಳೂರಿನ ಯಾವುದೋ ದೊಡ್ಡ ಶಾಲೆಯದು. ಅರ್ಧ ಮಕ್ಕಳು ನಮ್ಮವರೇ, ಇನ್ನರ್ಧ ಯುರೋಪಿನಿಂದ ಬಂದವರು. ಅಲ್ಲಿಯ ಒಂದು ಶಾಲೆಗೂ ಇಲ್ಲಿಯ ಶಾಲೆಗೂ ಒಪ್ಪಂದವಂತೆ, ಒಂದು ವರ್ಷ ಅವರು ಇಲ್ಲಿಗೆ, ಮರುವರ್ಷ ಇವರು ಅಲ್ಲಿಗೆ. ಗಣಿತ, ವಿಜ್ಞಾನ, ಸಮಾಜ, ಭಾಷೆ ಎಲ್ಲವನ್ನೂ ಒಂದೇ ಜಾಗದಲ್ಲಿ ಕಲಿಸುವುದು ಈ ಪ್ರವಾಸದ ಉದ್ದೇಶ ಎಂದು ಜೊತೆಗಿದ್ದ ಮೇಡಂ ಹೇಳಿದರು. ಹೊಸ ಮಾತೇನಲ್ಲ, ಆದರೆ ಒಳ್ಳೆಯ ಮಾತು. ಕೇಳಿ ನನಗೂ ಖುಷಿಯಾಯಿತು.

ನಾನು ಅವತ್ತು ಈರುಳ್ಳಿ ಹಾಕಿಕೊಂಡು ಕೂತಿದ್ದೆ. ನಮ್ಮದು ಆರೆಕರೆ ಖುಷ್ಕಿ, ಶೇಂಗಾ ಮುಖ್ಯ. ಬೋರಿನಲ್ಲಿ ನೀರಿದ್ದ ವರ್ಷ ಒಂದೆಕರೆ ಈರುಳ್ಳಿ. ಮನೆಯಲ್ಲಿ ಮೂವತ್ತು ಕುರಿ. ಮಕ್ಕಳು ನನ್ನ ರಾಶಿ ಮುಂದೆ ನಿಂತು ಫೋಟೋ ಹೊಡೆದರು. ಒಬ್ಬ ತಕ್ಕಡಿ ಹಿಡಿದು ನೋಡಿದ. ಅವರಲ್ಲಿ ಒಂದು ಹುಡುಗಿ, ಹದಿನಾಲ್ಕು ಹದಿನೈದು ಇರಬಹುದು, ಬೆಂಗಳೂರಿನ ಹುಡುಗಿಯ ಬಾಯಿಂದ ನನ್ನನ್ನು ಒಂದು ಪ್ರಶ್ನೆ ಕೇಳಿಸಿದಳು: "ಇದರ ಬೆಲೆ ಯಾರು ಕಟ್ಟುತ್ತಾರೆ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಮೇಡಂ "ಟೈಮಾಯ್ತು, ಟೈಮಾಯ್ತು" ಅಂತ ಚಪ್ಪಾಳೆ ತಟ್ಟಿದರು. ಮುಂದೆ ದೇವಸ್ಥಾನ, ಆಮೇಲೆ ಊಟ, ಆಮೇಲೆ ಚಿತ್ರದುರ್ಗದ ಕೋಟೆ. ನಲವತ್ತು ನಿಮಿಷದಲ್ಲಿ ಸಂತೆ ಮುಗಿಯಿತು. ಬಸ್ಸು ಹೊರಟಿತು. ನನ್ನ ಉತ್ತರ ನನ್ನ ಬಾಯಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತೇನೆ, ಅದಕ್ಕೇ ಈ ಲೇಖನ.

ನೋಡಿ, ಅವಳು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಅವತ್ತು ಬೆಳಗ್ಗೆ ನಾನು ಕೂಗಿದ ಬೆಲೆಗೂ ಸಂಜೆ ಗಂಟು ಕಟ್ಟುವಾಗ ಕೊಟ್ಟ ಬೆಲೆಗೂ ಮೂರನೇ ಒಂದು ಪಾಲು ವ್ಯತ್ಯಾಸ. ಬೆಳಗ್ಗೆಯ ಬೆಲೆ ನನ್ನದಲ್ಲ. ಹಿಂದಿನ ರಾತ್ರಿ ಯಶವಂತಪುರ ಮಂಡಿಯಲ್ಲಿ ಏನು ನಡೆಯಿತು ಅಂತ ಫೋನಿನಲ್ಲಿ ಕೇಳಿಕೊಂಡು, ಅದರಲ್ಲಿ ಬಾಡಿಗೆ ಕಳೆದು, ಪಕ್ಕದವನು ಎಷ್ಟು ಹೇಳುತ್ತಾನೆ ನೋಡಿ ಕೂಗಿದ್ದು. ಯಶವಂತಪುರದ ಬೆಲೆಯೂ ಅಲ್ಲಿಯದಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿತು. ನಿಷೇಧ ತೆಗೆದದ್ದು 2024ರ ಮೇ ತಿಂಗಳಲ್ಲಿ, ಆಗಲೂ ಸುಂಕ ಉಳಿಯಿತು, ಅದು ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಆ ಹುಡುಗಿ ನನ್ನ ರಾಶಿ ಮುಂದೆ ನಿಂತಿದ್ದು ಸರಿಯಾಗಿ ನಿಷೇಧ ಇದ್ದ ತಿಂಗಳಲ್ಲಿ! ಪಟ್ಟಣದವರಿಗೆ ಈರುಳ್ಳಿ ಅಗ್ಗವಾಗಲಿ ಅಂತ ದೆಹಲಿಯಲ್ಲಿ ಹಾಕಿದ ಒಂದು ಸಹಿ ನಾಯಕನಹಟ್ಟಿಯ ಗೋಣಿತಾಟಿನ ಮೇಲೆ ಬಂದು ಕೂತಿತ್ತು. ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಅದು ಬೇರೆ ಚರ್ಚೆ, ನನ್ನ ಅಭಿಪ್ರಾಯ ಏನೆಂದು ನೀವು ಊಹಿಸಬಲ್ಲಿರಿ. ಆದರೆ ಪೌರನೀತಿ, ಅರ್ಥಶಾಸ್ತ್ರ, ಭೂಗೋಳ ಮೂರೂ ಒಂದು ರಾಶಿಯಲ್ಲಿ ಇದ್ದವು. ಅದನ್ನು ಬಿಟ್ಟು ತಕ್ಕಡಿಯ ಫೋಟೋ ಹೊಡೆದುಕೊಂಡು ಹೋದರು.

ಈಗ ನನ್ನ ಮನೆಯ ವಿಚಾರ ಹೇಳುತ್ತೇನೆ. ಹೇಳಲು ಸ್ವಲ್ಪ ಸಂಕೋಚ. ನನ್ನ ಮಗ 2019ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ. ಇಪ್ಪತ್ತೆರಡು ನಂಬರು. ಅದೇ ಹುಡುಗ ಹತ್ತು ವರ್ಷದವನಿದ್ದಾಗಿನಿಂದ ರಜೆಯಲ್ಲಿ ನನ್ನ ಜೊತೆ ಸಂತೆಗೆ ಬಂದು ಚಿಲ್ಲರೆ ಲೆಕ್ಕ ನೋಡಿಕೊಳ್ಳುತ್ತಿದ್ದವನು. ಕಿಲೋ ಮೂವತ್ತೈದರ ಮಾಲು ಒಂದು ಕಿಲೋ ಎಂಟುನೂರು ಗ್ರಾಂ ತೂಗಿದರೆ, ಗಿರಾಕಿ ಚೀಲ ಬಿಚ್ಚುವಷ್ಟರಲ್ಲಿ "ಅರವತ್ತಮೂರು ಕೊಡಿ" ಅನ್ನುತ್ತಿದ್ದ. ಹೆಂಗೋ ಅಂತ ಕೇಳಿದರೆ: "ಎರಡು ಕಿಲೋಕ್ಕೆ ಎಪ್ಪತ್ತು, ಇನ್ನೂರು ಗ್ರಾಂ ಕಮ್ಮಿ ಐತೆ, ಏಳು ರುಪಾಯಿ ಹೊಡೆದಾಕು, ಅಷ್ಟೇ ಅಲ್ವಾ." ಶಾಲೆಯ ಹಾಳೆಯ ಮೇಲೆ 35 ಗುಣಿಸು 1.8 ಅಂತ ಬರೆದು ಕೊಟ್ಟರೆ ಒಂದು ಸಲ 630 ಬರೆಯುತ್ತಾನೆ, ಇನ್ನೊಂದು ಸಲ 6.3. ಬಿಂದು ಎಲ್ಲಿ ಇಡಬೇಕು ಅಂತಲೇ ಅವನಿಗೆ ಗೊತ್ತಾಗಲಿಲ್ಲ. ಎರಡೂ ಒಂದೇ ಲೆಕ್ಕ ಅಂತ ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ನನಗೇ ಹೊಳೆದಿರಲಿಲ್ಲ. "ದಡ್ಡ" ಅಂತ ಬೈದೆ. ಆ ವರ್ಷ ಅವನು ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಆಮೇಲೆ ಪೂರಕ ಪರೀಕ್ಷೆಯಲ್ಲಿ ಹೆಂಗೋ ಪಾಸಾದ, ಆದರೆ ಮುಂದೆ ಓದುವ ಮನಸ್ಸು ಮುರಿದುಹೋಗಿತ್ತು. ಈಗ ಕುರಿ ವ್ಯಾಪಾರ ಮಾಡುತ್ತಾನೆ.

ಇದು ನನ್ನ ಮಗನೊಬ್ಬನ ಕತೆ ಅಂದುಕೊಂಡಿದ್ದೆ. ಅಲ್ಲ. 1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಮೂವರು ಸಂಶೋಧಕರು ಪರೀಕ್ಷಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕ ನೂರಕ್ಕೆ 98 ಸರಿ. ಅದೇ ಮಕ್ಕಳಿಗೆ ಅದೇ ಬಗೆಯ ಲೆಕ್ಕವನ್ನು ಬರೀ ಅಂಕಿಯಾಗಿ ಹಾಳೆಯಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ನಲವತ್ತು ವರ್ಷದ ಮೇಲೆ, 2025ರಲ್ಲಿ, ನಮ್ಮ ದೇಶದಲ್ಲೇ ಇನ್ನೂ ದೊಡ್ಡ ಅಧ್ಯಯನ ಹೊರಬಂತು. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಮಾಡಿದ್ದು, ನೇಚರ್ ಪತ್ರಿಕೆಯಲ್ಲಿ ಬಂದದ್ದು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳು. ಗಿರಾಕಿಗಳ ಹಾಗೆ ಹೋಗಿ, ಕಿಲೋ 20ರ ಆಲೂಗಡ್ಡೆ 800 ಗ್ರಾಂ, ಕಿಲೋ 15ರ ಈರುಳ್ಳಿ ಒಂದು ಕಿಲೋ 400 ಗ್ರಾಂ, ಹೀಗೆ ಅಡ್ಡಾದಿಡ್ಡಿ ತೂಕ ಕೇಳಿ ಇನ್ನೂರರ ನೋಟು ಕೊಡುವುದು. ಒಟ್ಟು 37, ಚಿಲ್ಲರೆ 163. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಬಾಯಲ್ಲೇ ಮಾಡಿದರು. ಶಾಲೆಯ ರೀತಿ ಬರೆದು ಕೊಟ್ಟ, ಅದಕ್ಕಿಂತ ಸುಲಭದ ಲೆಕ್ಕದಲ್ಲಿ ಸೋತರು.

ತಮಾಷೆ ಮುಂದೆ ಇದೆ. ಹತ್ತಿರದ ಶಾಲೆಗಳ, ವ್ಯಾಪಾರ ಮಾಡಿ ಗೊತ್ತಿಲ್ಲದ 471 ಮಕ್ಕಳನ್ನೂ ಪರೀಕ್ಷಿಸಿದರು. ಹಾಳೆಯ ಮೇಲಿನ ಸರಳ ಲೆಕ್ಕ ಅವರು ಇವರಿಗಿಂತ ಚೆನ್ನಾಗಿ ಮಾಡಿದರು. ಆದರೆ ಮಾರುಕಟ್ಟೆಯ ಒಂದು ಲೆಕ್ಕ ಕೊಟ್ಟಾಗ ನೂರಕ್ಕೆ ಒಬ್ಬರು ಮಾತ್ರ ಸರಿ. ಅದೇ ಲೆಕ್ಕವನ್ನು ದುಡಿಯುವ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಬಿಡಿಸಿದ್ದರು.

ಅಂದರೆ ಸಂತೆಯ ಹುಡುಗನಿಗೆ ಶಾಲೆ ಬೇಕು, ಶಾಲೆಯ ಹುಡುಗನಿಗೆ ಸಂತೆ ಬೇಕು. ಇಬ್ಬರ ನಡುವೆ ಸೇತುವೆ ಇಲ್ಲ. ಹೊರದೇಶದ ಮಕ್ಕಳು ಬಸ್ಸಿನಲ್ಲಿ ಬಂದು ಸಂತೆ ನೋಡುವಾಗ ನಮ್ಮೂರಿನ ಸರ್ಕಾರಿ ಶಾಲೆಯ ಮಕ್ಕಳು ಎಲ್ಲಿದ್ದರು? ಕಾಂಪೌಂಡಿನ ಒಳಗೆ, ಬೋರ್ಡು ನೋಡಿ ದಶಮಾಂಶ ಬರೆದುಕೊಳ್ಳುತ್ತಿದ್ದರು! ನನಗೆ ಸಿಟ್ಟು ಬರುವುದು ಇಲ್ಲಿ. ಶಾಲೆ ಶಾಲೆಗಳ ವಿನಿಮಯ ಅಂದಮೇಲೆ ಕೊಡು-ಕೊಳ್ಳುವಿಕೆ ಇರಬೇಕು. ಇಲ್ಲಿ ಕೊಟ್ಟವರೂ ಇಲ್ಲ, ಕೊಂಡವರೂ ಇಲ್ಲ. ಎರಡು ಕಿಲೋ ಬಾಳೆಹಣ್ಣು ಬಿಟ್ಟರೆ.

ಸಂತೆಯಲ್ಲಿ ಕಲಿಯಲು ಏನಿದೆ ಅಂತ ಕೇಳುವವರಿಗೆ ಎರಡು ಮಾತು. ಶೇಂಗಾದಿಂದಲೇ ಶುರುಮಾಡೋಣ, ಚಳ್ಳಕೆರೆಗೆ ಎಣ್ಣೆ ಮಿಲ್ಲುಗಳ ಊರೆಂಬ ಹೆಸರು ಬಂದಿದ್ದೇ ಅದರಿಂದ. ಒಳ್ಳೆ ಕಾಯಿ ನೂರು ಕಿಲೋ ಸುಲಿದರೆ ಎಪ್ಪತ್ತು ಕಿಲೋ ಬೀಜ. ಗಾಣದಲ್ಲಿ ಬೀಜದ ತೂಕಕ್ಕೆ ನೂರಕ್ಕೆ ನಲವತ್ತರಂತೆ ಎಣ್ಣೆ ಬಂತು ಅನ್ನಿ, ಇಪ್ಪತ್ತೆಂಟು ಕಿಲೋ. ಅದು ಎಷ್ಟು ಲೀಟರು? ಇಪ್ಪತ್ತೆಂಟಲ್ಲ, ಮೂವತ್ತಕ್ಕಿಂತ ಸ್ವಲ್ಪ ಜಾಸ್ತಿ, ಯಾಕೆಂದರೆ ಎಣ್ಣೆ ನೀರಿಗಿಂತ ಹಗುರ. ಕಿಲೋ ಲೆಕ್ಕದಲ್ಲಿ ಕೊಂಡು ಲೀಟರಿನ ಲೆಕ್ಕದಲ್ಲಿ ಮಾರುವವನಿಗೆ ಲಾಭ ಎಲ್ಲಿ ಬರುತ್ತದೆ ಅಂತ ಏಳನೇ ಕ್ಲಾಸಿನ ಹುಡುಗ ಇಲ್ಲಿ ಕಂಡುಹಿಡಿಯಬಹುದು. ಶೇಕಡಾವಾರು, ಸಾಂದ್ರತೆ ಎರಡೂ ಪಾಠ ಮುಗಿಯಿತು. ಹಸಿ ಕಾಯಿ ತಂದರೆ ತೇವಾಂಶಕ್ಕೆ ಎಷ್ಟು ಮುರಿಯುತ್ತಾರೆ, ಸ್ಯಾಂಪಲ್ಲು ಅಂತ ಹಿಡಿ ಹಿಡಿ ತೆಗೆದರೆ ಚೀಲಕ್ಕೆ ಎಷ್ಟು ಹೋಯಿತು, ಇದನ್ನೂ ಮಕ್ಕಳು ಲೆಕ್ಕ ಹಾಕಲಿ. ನಾನು ಒಂದು ಅಂಗಡಿಯಲ್ಲಿ ಹತ್ತು ವರ್ಷ ಆ ಲೆಕ್ಕ ಹಾಕದೆ ಮಾಲು ಸುರಿದೆ, ಒಂದು ದಿನ ಮಗ ಹಾಕಿ ತೋರಿಸಿದ ಮೇಲೆ ಅಂಗಡಿ ಬದಲಿಸಿದೆ.

ಯುರೋಪಿನ ಮಕ್ಕಳಿಗೂ ಶೇಂಗಾದಲ್ಲಿ ಪಾಠವಿದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ, ಇಲ್ಲವೇ ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ, ಬೀಜಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷವೇ ಅಫ್ಲಾಟಾಕ್ಸಿನ್. ಅವರ ದೇಶಗಳಲ್ಲಿ ನೇರ ತಿನ್ನುವ ಶೇಂಗಾದಲ್ಲಿ ಇದು ಕಿಲೋಗೆ ಒಟ್ಟು 4 ಮೈಕ್ರೋಗ್ರಾಂ ಮೀರಬಾರದು ಎಂದು ಕಾನೂನು. ಒಂದು ಕಿಲೋ ಎಂದರೆ ನೂರು ಕೋಟಿ ಮೈಕ್ರೋಗ್ರಾಂ. ನೂರು ಕೋಟಿಯಲ್ಲಿ ನಾಲ್ಕು! ಅವರ ಕಾನೂನು ಅವರ ಮಕ್ಕಳ ಆರೋಗ್ಯಕ್ಕೆ, ಒಪ್ಪಿದೆ. ಆದರೆ ರಾಜ್ಯದಲ್ಲೇ ತೀರಾ ಕಮ್ಮಿ ಮಳೆಯ ಸೀಮೆಯಲ್ಲಿ, ವರ್ಷಕ್ಕೆ ಐನೂರು ಮಿಲಿಮೀಟರೂ ಸರಿಯಾಗಿ ಬೀಳದ ಕಡೆ, ಆ ನಾಲ್ಕನ್ನು ಕಾಯಲು ಒಬ್ಬ ರೈತ ಏನೇನು ಮಾಡಬೇಕು ಅಂತ ಆ ಮಕ್ಕಳು ತಿಳಿಯಬೇಡವೇ? ನಮ್ಮ ಮಕ್ಕಳೂ ತಿಳಿಯಬೇಕು, ಯಾಕೆಂದರೆ ಬೂಷ್ಟು ಹಿಡಿದು ತಿರಸ್ಕಾರವಾದದ್ದು ಹೊಳೆಗೆ ಹೋಗುವುದಿಲ್ಲ, ಒಮ್ಮೊಮ್ಮೆ ನಮ್ಮ ಚಟ್ನಿಪುಡಿಗೇ ಬರುತ್ತದೆ.

ಭೂಗೋಳ ಬೇಕೇ? ಸಂತೆಯಲ್ಲಿ ಒಂದು ಸುತ್ತು ಬನ್ನಿ. ಶೇಂಗಾ, ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದವು. ರಾಗಿ, ಸಜ್ಜೆ, ಹುಣಸೆ ಆಫ್ರಿಕದವು. ನವಣೆಯನ್ನು ಮೊದಲು ಸಾಗುವಳಿಗೆ ತಂದವರು ಚೀನಾದವರು. "ನಮ್ಮ ದೇಸಿ ಅಡುಗೆ" ಅಂತ ಎದೆ ಉಬ್ಬಿಸುವ ನಮ್ಮ ಬುತ್ತಿಯಲ್ಲಿ ಮೂರು ಖಂಡ ಕೂತಿವೆ. ಭಾಷೆ ಬೇಕಾದರೆ ಕನ್ನಡ, ತೆಲುಗು, ಉರ್ದು, ಲಂಬಾಣಿ ಒಂದೇ ಸಾಲಿನಲ್ಲಿ. ನಮ್ಮ ಮುದುಕಿಯರು ಒಂದೇ ವಾಕ್ಯದಲ್ಲಿ ಎರಡು ಭಾಷೆ ಸೇರಿಸಿ ಚೌಕಾಸಿ ಮಾಡುತ್ತಾರೆ, ವ್ಯಾಕರಣ ಕೆಡುವುದಿಲ್ಲ.

ಕುರಿ ವ್ಯಾಪಾರದಲ್ಲಂತೂ ಮಾತೇ ಬೇಡ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದೇ ಬೆಲೆ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಹೊರದೇಶದ ಹುಡುಗ ಮತ್ತು ನಮ್ಮ ಹುಡುಗ ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಕಲಿಯಬಹುದಾದ ಪಾಠ ಇದಕ್ಕಿಂತ ಬೇಕೇ? ಪಾವು, ಅಚ್ಛೇರು, ಸೇರು, ಬಳ್ಳ, ಕೊಳಗ ಇವೂ ಇನ್ನೂ ಸತ್ತಿಲ್ಲ. ಮೆಟ್ರಿಕ್ ಅಳತೆಯ ಕಾನೂನು ಆಗಿದ್ದು 1956ರಲ್ಲಿ. ಆದರೂ ಮನೆಯ ಕಾಳಿನ ಡಬ್ಬಿಯಲ್ಲಿ ಸೇರೇ ಇದೆ. ಒಂದು ಸೇರು ರಾಗಿ, ಒಂದು ಸೇರು ಶೇಂಗಾ ತೂಗಿ ನೋಡಲಿ ಮಕ್ಕಳು, ಸೇರು ಅಳತೆಯೋ ತೂಕವೋ ಅಂತ ಜಗಳವಾಡಲಿ. ಕಂಬಳಿಯವರ ಹತ್ತಿರ ಹೋದರೆ ಹುಣಸೆಬೀಜದ ಸರಿ ಯಾಕೆ ಬಳಿಯುತ್ತಾರೆ ಅಂತ ಕೇಳಲಿ. ಮೊಳಕಾಲ್ಮೂರಿಗೆ ಹೋದರೆ ಸೀರೆಯ ಅಂಚಿನ ಒಂದು ಹೂವಿಗೆ ಎಷ್ಟು ಎಳೆ ಅಂತ ಎಣಿಸಲಿ.

ಈಗ ಆಕ್ಷೇಪಣೆಗಳು. ನಾನು ಈ ಮಾತು ಹೇಳಿದಾಗ ನಮ್ಮೂರಿನ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು: "ಮಕ್ಕಳನ್ನು ಸಂತೆಗೆ ಕಳಿಸಿದರೆ ಅವರು ವ್ಯಾಪಾರಕ್ಕೇ ನಿಂತುಬಿಡ್ತಾರಲ್ಲಯ್ಯ, ಶಾಲೆ ಬಿಡಿಸೋಕೆ ಇದೊಂದು ನೆಪ ಆಗಲ್ವಾ?" ಸರಿಯಾದ ಭಯ. 2016ರ ತಿದ್ದುಪಡಿಯ ನಂತರದ ಕಾನೂನಿನಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಸ್ವಂತ ಮನೆತನದ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು ಅಷ್ಟೆ. ಆ "ಅಷ್ಟೆ"ಯನ್ನು ಹಿಗ್ಗಿಸುವವರು ನಮ್ಮಲ್ಲಿ ಇದ್ದಾರೆ, ಸುಳ್ಳು ಹೇಳುವುದಿಲ್ಲ. ನಾನು ಹೇಳುವುದು ಶಾಲೆಯ ಬದಲು ಸಂತೆ ಅಂತ ಅಲ್ಲ. ಮೇಷ್ಟ್ರು ಜೊತೆಗೆ ಬರಬೇಕು, ಸಂತೆಯಲ್ಲಿ ಬಾಯಲ್ಲಿ ಮಾಡಿದ ಲೆಕ್ಕವನ್ನು ಮರುದಿನ ಬೋರ್ಡಿನ ಮೇಲೆ ಬರೆಸಬೇಕು. "ಏಳು ರುಪಾಯಿ ಹೊಡೆದಾಕು" ಅನ್ನುವುದನ್ನು 35 × 0.2 ಅಂತ ಬರೆಯುವುದು ಹೀಗೆ ಅಂತ ತೋರಿಸಬೇಕು. ನನ್ನ ಮಗನಿಗೆ ಸಿಗದೇ ಹೋದದ್ದು ಆ ಮರುದಿನ.

ಇನ್ನು ಕೆಲವರು "ಮಕ್ಕಳ ಸಂತೆ ನಡೆಯುತ್ತಲ್ಲ" ಅನ್ನುತ್ತಾರೆ. ಹೌದು, ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಈಗ ಸಾಮಾನ್ಯ. ಅಂಗಳದಲ್ಲಿ ಮಕ್ಕಳು ಸೊಪ್ಪು, ಚುರುಮುರಿ ಇಟ್ಟು ಮಾರುತ್ತಾರೆ. ಒಳ್ಳೆಯದೇ, ನಾನೂ ಹೋಗಿ ಕೊಂಡಿದ್ದೇನೆ. ಆದರೆ ಅಲ್ಲಿ ಕೊಳ್ಳುವವರು ಅಪ್ಪ ಅಮ್ಮಂದಿರು, ಚೌಕಾಸಿ ಮಾಡುವುದಿಲ್ಲ, ಸಂಜೆಗೆ ಬೆಲೆ ಬೀಳುವುದಿಲ್ಲ, ಮಾಲು ಉಳಿಯುವುದಿಲ್ಲ. ಉಳಿದ ಸೊಪ್ಪನ್ನು ಏನು ಮಾಡುವುದು ಎಂಬ ಲೆಕ್ಕವೇ ಸಂತೆಯ ಮುಖ್ಯ ಲೆಕ್ಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿ ನಡುವೆ ಹತ್ತು ದಿನ ಚೀಲವಿಲ್ಲದೆ, ಊರಿನ ಕಸಬುದಾರರ ಜೊತೆ ಕಲಿಯಬೇಕು ಅಂತ ಬರೆದಿದ್ದಾರೆ. ನೀತಿಯ ಬಗ್ಗೆ ರಾಜಕೀಯ ಏನೇ ಇರಲಿ, ಆ ಹತ್ತು ದಿನದ ಮಾತು ನನಗೆ ಹಿಡಿಸಿತು. ಹತ್ತರಲ್ಲಿ ಎರಡು ಸಂತೆಗೆ ಕೊಟ್ಟರೆ ಸಾಕು.

ನಮ್ಮೂರಿನ ಬಗಲಲ್ಲೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ನಾವು ದನ ಮೇಯಿಸುತ್ತಿದ್ದ ಕಾವಲು ಅದು, ಆ ನೋವು ಬೇರೆ. ಅಲ್ಲಿ ವಿಜ್ಞಾನ, ಗಣಿತದ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ, ಬೇರೆ ಬೇರೆ ಕಡೆಯಿಂದ ಬರುತ್ತಾರೆ. ಆ ತರಬೇತಿಯ ನಡುವೆ ಒಂದು ಸಂತೆ ದಿನ ಅವರನ್ನು ಇಲ್ಲಿಗೆ ಕರೆತಂದು, ಒಬ್ಬೊಬ್ಬ ಮೇಷ್ಟ್ರನ್ನು ಒಂದೊಂದು ರಾಶಿಯ ಹಿಂದೆ ಕೂರಿಸಿ ಅಂತ ನಾನು ಕೇಳುತ್ತೇನೆ. ರಾಶಿಯ ಮುಂದೆ ಅಲ್ಲ, ಹಿಂದೆ. ಮುಂದೆ ನಿಂತವನಿಗೆ ಬೆಲೆ ಜಾಸ್ತಿ ಕಾಣುತ್ತದೆ, ಹಿಂದೆ ಕೂತವನಿಗೆ ಕಮ್ಮಿ. ಈ ವ್ಯತ್ಯಾಸ ಪುಸ್ತಕದಲ್ಲಿ ಬರುವುದಿಲ್ಲ.

ಹೊರದೇಶದ ಶಾಲೆಗಳ ಜೊತೆ ವಿನಿಮಯ ಬೇಡ ಅನ್ನುವವನಲ್ಲ ನಾನು. ಬರಲಿ. ಆದರೆ ಬರುವ ಮೊದಲು ಅವರೂರಿನ ಸಂತೆಗೆ ಹೋಗಿ ಬರಲಿ. ಅಲ್ಲಿ ಈರುಳ್ಳಿ ಕಿಲೋಗೆ ಎಷ್ಟು, ಅದರಲ್ಲಿ ಬೆಳೆದವನಿಗೆ ಎಷ್ಟು ಹೋಯಿತು, ಉಳಿದ ಮಾಲು ಏನಾಯಿತು ಅಂತ ಕೇಳಿ ಬರೆದುಕೊಂಡು ಬರಲಿ. ನಮ್ಮ ಮಕ್ಕಳು ಇಲ್ಲಿಯದನ್ನು ಬರೆದಿಟ್ಟಿರಲಿ. ಒಬ್ಬ ಅವರವನು, ಒಬ್ಬ ನಮ್ಮವನು ಜೋಡಿಯಾಗಿ ಒಂದು ರಾಶಿಯ ಹಿಂದೆ ಬೆಳಗ್ಗೆ ಮಾಲು ಇಳಿಸುವಾಗಿನಿಂದ ಸಂಜೆ ಗೋಣಿ ಕೊಡವುವ ತನಕ ಕೂರಲಿ. ನಮ್ಮ ಮಕ್ಕಳಿಗೆ ಅವರೂರಿಗೆ ಹೋಗುವ ಟಿಕೇಟಿನ ದುಡ್ಡು ಎಲ್ಲಿಂದ ಬರಬೇಕು? ಬೇಡ, ಒಂದು ಫೋನು ಹಿಡಿದು ಅಲ್ಲಿಯ ಮಕ್ಕಳು ತಮ್ಮ ಸಂತೆಯನ್ನು ತೋರಿಸಲಿ. ಅದೂ ಆಗದಿದ್ದರೆ ನಮ್ಮೊಳಗೇ ಆಗಲಿ. ನಾಯಕನಹಟ್ಟಿಯ ಮಕ್ಕಳು ಪುತ್ತೂರಿನ ಅಡಿಕೆ ಮಂಡಿಯನ್ನೋ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನೋ ನೋಡಿಲ್ಲ. ಕರಾವಳಿಯ ಮಕ್ಕಳು ಟವೆಲ್ಲಿನ ಕೆಳಗಿನ ವ್ಯಾಪಾರ ನೋಡಿಲ್ಲ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡರು, ಶೇಂಗಾ ಬೆಳೆಯುವ ನಾವು ಯಾಕೆ ಅಂಥದ್ದೊಂದನ್ನು ಉಳಿಸಿಕೊಳ್ಳಲಿಲ್ಲ ಎಂದು ನಮ್ಮ ಮಕ್ಕಳು ನಮ್ಮನ್ನೇ ಕೇಳಿದರೆ ಉತ್ತರ ಹುಡುಕುವ ಕಷ್ಟ ನಮ್ಮದಾಗಲಿ.

ಇನ್ನೊಂದು ಮಾತು, ಇದನ್ನು ಹೇಳಲು ನಾಚಿಕೆ ಪಡಬಾರದು. ಬಂದವರು ನಮ್ಮ ಹೊತ್ತಿಗೆ ದುಡ್ಡು ಕೊಡಬೇಕು. ಕೋಟೆ ತೋರಿಸುವ ಗೈಡಿಗೆ ಕೊಡುತ್ತಾರೆ, ಪ್ರಾಣಿಸಂಗ್ರಹಾಲಯಕ್ಕೆ ಟಿಕೇಟು ಕೊಡುತ್ತಾರೆ. ಗಿರಾಕಿ ಬಿಟ್ಟು ಅರ್ಧ ದಿನ ಪಾಠ ಹೇಳುವ ರೈತನಿಗೆ ಯಾಕಿಲ್ಲ? "ಮಾಡಿದಷ್ಟು ನೀಡು ಭಿಕ್ಷೆ" ಅಂತ ನಮ್ಮ ತಿಪ್ಪೇಸ್ವಾಮಿ ಹೇಳಿದ್ದಾಗಿ ಊರೆಲ್ಲ ಹೇಳುತ್ತದೆ. ಕೆರೆ ಕಟ್ಟಿಸಿದವರು ಅವರು, ದುಡಿಮೆಯ ಬೆಲೆ ಗೊತ್ತಿದ್ದವರು. ಪಾಠ ಹೇಳುವುದೂ ದುಡಿಮೆಯೇ.

ಮೊನ್ನೆ ಆ ಮೇಡಂ ಫೋನು ಮಾಡಿದ್ದರು. ನಂಬರು ಹೆಂಗೋ ಇಟ್ಟುಕೊಂಡಿದ್ದಾರೆ. ಮತ್ತೆ ಮಕ್ಕಳನ್ನು ತರುತ್ತಾರಂತೆ, ಈ ಸಲ ಪೂರ್ತಿ ದಿನ ಇರಬಹುದಾ ಅಂತ ಕೇಳಿದರು. ನಾನು ಬೈಯಲು ಬಾಯಿ ತೆಗೆದವನು ಸುಮ್ಮನಾದೆ. ಬೆಳಗ್ಗೆ ಆರಕ್ಕೆ ಬನ್ನಿ, ನಮ್ಮ ಶಾಲೆಯ ಹದಿನೈದು ಮಕ್ಕಳೂ ಜೊತೆಗಿರುತ್ತಾರೆ, ಕ್ಯಾಮೆರಾ ಮಧ್ಯಾಹ್ನದ ಮೇಲೆ ತೆಗೆಯಿರಿ ಅಂದೆ. ಒಪ್ಪಿದರು. ಲೆಕ್ಕ ಹೇಳಿಕೊಡಲು ಯಾರಿದ್ದಾರೆ ಅಂದರು. ನನ್ನ ಮಗ ಇದ್ದಾನೆ, ಗಣಿತದಲ್ಲಿ ಇಪ್ಪತ್ತೆರಡು ತೆಗೆದವನು ಅಂದೆ. ಅವರು ನಕ್ಕರೋ ಏನೋ, ಫೋನಿನಲ್ಲಿ ಗೊತ್ತಾಗಲಿಲ್ಲ.

ಮಗನಿಗೆ ಹೇಳಿದೆ. ಕುರಿಗೆ ಸೊಪ್ಪು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ಅವತ್ತು ಕುರಿ ವ್ಯಾಪಾರ ಬಿಟ್ಟು ಕೂರಬೇಕು. ಎಷ್ಟು ಕೊಡ್ತಾರೆ ಕೇಳು" ಅಂದ. ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.